ಮೂಲೆಗೆ ಬಿದ್ದ ಜಾವಾ–ಯೆಜ್ಡಿಯನ್ನು ಮನೆಯಲ್ಲೇ ರಸ್ತೆಗೆ ಇಳಿಸುವುದು: ಸಮಗ್ರ ಮಾರ್ಗದರ್ಶಿ

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಉತ್ಪಾದನೆ ಆರಂಭಿಸಿ 1996ರಲ್ಲಿ ಬಾಗಿಲು ಮುಚ್ಚಿತು. ಆ ಅವಧಿಯಲ್ಲಿ ಅಲ್ಲಿಂದ ಹೊರಬಂದ ಜಾವಾ ಮತ್ತು ಯೆಜ್ಡಿ ಬೈಕುಗಳಲ್ಲಿ ಎಷ್ಟೋ ಇಂದಿಗೂ ಕೊಟ್ಟಿಗೆಯ ಮೂಲೆಯಲ್ಲಿ, ಮೆಟ್ಟಿಲಿನ ಕೆಳಗೆ, ಗೋದಾಮಿನ ಹಿಂಬದಿಯಲ್ಲಿ ಗೋಣಿಚೀಲ ಹೊದ್ದು ನಿಂತಿವೆ. ಇವನ್ನು ಮನೆಯಲ್ಲೇ ದುರಸ್ತಿ ಮಾಡಿಕೊಳ್ಳುವುದು ಸಾಧ್ಯ, ಏಕೆಂದರೆ 250 ಸಿಸಿಯ ಈ ಒಂಟಿ ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವ್ ಇಲ್ಲ, ಕ್ಯಾಮ್‌ಶಾಫ್ಟ್ ಇಲ್ಲ, ಆಯಿಲ್ ಕಿಂಗ್ ಮಾದರಿಯೊಂದನ್ನು ಬಿಟ್ಟರೆ ಎಂಜಿನ್ ಆಯಿಲ್ ಪಂಪೂ ಇಲ್ಲ. ಆದರೂ ಅರ್ಧಕ್ಕೆ ನಿಂತುಹೋಗುವ ಕೆಲಸಗಳೇ ಹೆಚ್ಚು. ಬೈಕು ಸಿಕ್ಕಿದ ವಾರವೇ ಟ್ಯಾಂಕು ಪೇಂಟರನ ಬಳಿಗೆ, ರಿಮ್ಮು ಕ್ರೋಮಿಂಗಿಗೆ ಹೋಗುತ್ತವೆ. ಹಣವೆಲ್ಲ ಹೊಳಪಿಗೆ ಖರ್ಚಾದ ಮೇಲೆ ಎಂಜಿನ್ ಬಿಚ್ಚುವ ಸರದಿ ಬರುತ್ತದೆ, ಹೊಸ ಬಣ್ಣದ ಮೇಲೆ ಗ್ರೀಸಿನ ಕೈ ಬೀಳುತ್ತದೆ. ಆದ್ದರಿಂದ ಇಲ್ಲಿ ಹೇಳುವ ಕ್ರಮದಲ್ಲಿ ಕಾಗದಪತ್ರ ಮೊದಲು, ಎಂಜಿನ್ನಿನ ಗಾಳಿಬಿಗಿ (ಎಲ್ಲಿಯೂ ಗಾಳಿ ಸೋರದಂತಿರುವುದು) ಎರಡನೆಯದು, ಕಿಡಿ ಮತ್ತು ಪೆಟ್ರೋಲು ಆಮೇಲೆ, ಬಣ್ಣ ಎಲ್ಲಕ್ಕಿಂತ ಕೊನೆಗೆ.

ಒಂದು ಗೊಂದಲವನ್ನು ಆರಂಭದಲ್ಲೇ ನಿವಾರಿಸಿಕೊಳ್ಳುವುದು ಒಳ್ಳೆಯದು. 2018ರಿಂದ ಜಾವಾ ಹೆಸರಿನಲ್ಲೂ 2022ರಿಂದ ಯೆಜ್ಡಿ ಹೆಸರಿನಲ್ಲೂ ಮಾರಾಟವಾಗುತ್ತಿರುವ ಹೊಸ ಬೈಕುಗಳು ಫೋರ್ ಸ್ಟ್ರೋಕಿನವು. ಅವುಗಳ ಬಿಡಿಭಾಗ ಹಳೆಯವಕ್ಕೆ ಹೊಂದುವುದಿಲ್ಲ. ಹಳೆಯವುಗಳಲ್ಲೂ ಜಾವಾ, ಯೆಜ್ಡಿ ಕ್ಲಾಸಿಕ್ ಮತ್ತು 1978ರಲ್ಲಿ ಬಂದ ರೋಡ್‌ಕಿಂಗ್ ನಡುವೆ ಸಿಲಿಂಡರ್, ಕಾರ್ಬೊರೇಟರ್, ಗಾಲಿ, ವೈರಿಂಗ್‌ಗಳಲ್ಲಿ ವ್ಯತ್ಯಾಸಗಳಿವೆ. ನಿಮ್ಮದು ಯಾವ ಮಾದರಿ, ಯಾವ ವರ್ಷದ್ದು ಎಂಬುದನ್ನು ಖಚಿತಪಡಿಸಿಕೊಂಡು, ಅದೇ ಮಾದರಿಯ ಕೈಪಿಡಿ ಮತ್ತು ಬಿಡಿಭಾಗಗಳ ಪಟ್ಟಿಯನ್ನು ಸಂಪಾದಿಸಿಕೊಂಡ ಮೇಲೆಯೇ ಸ್ಪ್ಯಾನರ್ ಹಿಡಿಯಬೇಕು.

ಕಾಗದಪತ್ರ

ಹಣ ಕೊಡುವ ಮೊದಲು ಆರ್‌ಸಿ ಪುಸ್ತಕದಲ್ಲಿರುವ ಎಂಜಿನ್ ಸಂಖ್ಯೆ ಮತ್ತು ಚಾಸಿ ಸಂಖ್ಯೆಗಳನ್ನು ಬೈಕಿನ ಮೇಲಿರುವ ಸಂಖ್ಯೆಗಳೊಂದಿಗೆ ಒಂದೊಂದೇ ಅಂಕೆ ಓದಿ ಹೋಲಿಸಬೇಕು. ಚಾಸಿ ಸಂಖ್ಯೆ ಹ್ಯಾಂಡಲ್ ಕೂರುವ ಹೆಡ್ ಭಾಗದಲ್ಲೂ ಎಂಜಿನ್ ಸಂಖ್ಯೆ ಕ್ರ್ಯಾಂಕ್‌ಕೇಸಿನ ಮೇಲೂ ಇರುತ್ತದೆ. ಮಣ್ಣು, ಹಳೆಯ ಬಣ್ಣ ಅಂಟಿಕೊಂಡಿದ್ದರೆ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ನಿಧಾನವಾಗಿ ಒರೆಸಿ, ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ. ಆರ್‌ಟಿಒ ಅರ್ಜಿಗಳಿಗೂ ಇದೇ ಅಚ್ಚು ಬೇಕಾಗುತ್ತದೆ. ಸಂಖ್ಯೆಯ ಮೇಲೆ ಗ್ರೈಂಡರ್ ಆಡಿದ ಗುರುತು ಕಂಡರೆ ಬೈಕು ಎಷ್ಟೇ ಅಗ್ಗವಾಗಿದ್ದರೂ ಬಿಟ್ಟುಬಿಡುವುದು ಲೇಸು.

ಮಾಲೀಕತ್ವ ವರ್ಗಾವಣೆಗೆ ಮಾರಿದವರಿಂದ ಫಾರಂ 29 ಮತ್ತು 30ಕ್ಕೆ ಸಹಿ ಬೇಕು. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು ಫಾರಂ 31ರ ಮೂಲಕ ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಅಜ್ಜನ ಬೈಕನ್ನು ಮೊಮ್ಮಗ ರಿಪೇರಿ ಮಾಡಿಸುವ ಪ್ರಸಂಗಗಳಲ್ಲಿ ಹೆಚ್ಚಾಗಿ ಮರೆತುಹೋಗುವುದು ಇದೇ. ಆರ್‌ಸಿ ಕಳೆದಿದ್ದರೆ ಪೊಲೀಸ್ ದೂರಿನ ಪ್ರತಿಯೊಂದಿಗೆ ಫಾರಂ 26, ನೋಂದಣಿಯ ಅವಧಿ ಮುಗಿದಿದ್ದರೆ ನವೀಕರಣಕ್ಕೆ ಫಾರಂ 25. ಎಂವೈ ಎಂದು ಆರಂಭವಾಗುವ ಹಳೆಯ ಸಂಖ್ಯೆಗಳ ವಿವರ ಗಣಕೀಕೃತ ದಾಖಲೆಯಲ್ಲಿ ಸೇರಿದೆಯೇ ಎಂಬುದನ್ನೂ ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಬೇಕು.

2021ರ ಜುಲೈಯಲ್ಲಿ ಬಂದ ಕೇಂದ್ರದ ನಿಯಮಗಳ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ರ‍್ಯಾಲಿ, ನಿರ್ವಹಣೆಯಂಥ ಉದ್ದೇಶಗಳಿಗಲ್ಲದೆ ದಿನನಿತ್ಯ ಓಡಿಸುವಂತಿಲ್ಲ. ಭಾನುವಾರ ಬೆಳಿಗ್ಗೆ ನಂದಿಬೆಟ್ಟಕ್ಕೋ ಶ್ರೀರಂಗಪಟ್ಟಣಕ್ಕೋ ಹೋಗಿಬರುವ ಆಸೆಯಿರುವವರಿಗೆ ಸಾಮಾನ್ಯ ನೋಂದಣಿಯ ನವೀಕರಣವೇ ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ.

ಬಿಚ್ಚುವುದಕ್ಕೆ ಮುನ್ನ

ಬೈಕು ಮನೆಗೆ ಬಂದ ತಕ್ಷಣ ಕಿಕ್ ಹೊಡೆದು ನೋಡುವ ಚಪಲವನ್ನು ತಡೆದುಕೊಳ್ಳಬೇಕು. ಹತ್ತಿಪ್ಪತ್ತು ವರ್ಷ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಅಂಟಿಕೊಂಡಿರಬಹುದು, ಸೈಲೆನ್ಸರಿನಲ್ಲಿ ಕಡಜ ಮಣ್ಣಿನ ಗೂಡು ಕಟ್ಟಿರಬಹುದು, ಏರ್ ಫಿಲ್ಟರ್ ಪೆಟ್ಟಿಗೆಯಲ್ಲಿ ಇಲಿ ಸಂಸಾರ ಹೂಡಿರಬಹುದು. ಸ್ಪಾರ್ಕ್ ಪ್ಲಗ್ ತೆಗೆದು ಆ ರಂಧ್ರದೊಳಗೆ ಡೀಸೆಲ್ ಮತ್ತು ಟೂಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿನ ಎಣ್ಣೆ) ಬೆರೆಸಿ ಸ್ವಲ್ಪ ಸುರಿದು ಒಂದೆರಡು ದಿನ ಬಿಡಿ. ಬಳಿಕ ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ನಾಲ್ಕನೆಯ ಗೇರಿನಲ್ಲಿಟ್ಟು, ಹಿಂದಿನ ಗಾಲಿಯನ್ನು ಕೈಯಿಂದ ಹಿಂದೆ ಮುಂದೆ ಮೆಲ್ಲಗೆ ಅಲುಗಾಡಿಸಿ. ಅಲುಗದಿದ್ದರೆ ಮತ್ತೆ ಎಣ್ಣೆ, ಮತ್ತೆ ಕಾಯುವಿಕೆ. ಹೆಡ್ ಬಿಚ್ಚಿ ಪಿಸ್ಟನ್ನಿನ ತಲೆಗೆ ಸುತ್ತಿಗೆ ಬೀಸಿದರೆ ಪಿಸ್ಟನ್ನಿನ ಜೊತೆಗೆ ಕನೆಕ್ಟಿಂಗ್ ರಾಡೂ ಕೆಟ್ಟುಹೋಗುತ್ತದೆ. ಪೆಟ್ಟು ಕೊಡಲೇಬೇಕಾದರೆ ನಡುವೆ ಮರದ ತುಂಡಿಟ್ಟು ಹಗುರವಾಗಿ ಬಡಿಯಬೇಕು.

ಬಿಚ್ಚುವ ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ವಿಶೇಷವಾಗಿ ಕೇಬಲ್‌ಗಳು ಯಾವ ದಾರಿಯಲ್ಲಿ ಹಾದುಹೋಗಿವೆ, ವಾಷರ್ ಯಾವ ಬದಿಗೆ ಮುಖ ಮಾಡಿದೆ ಎಂಬುದು ಮೂರು ತಿಂಗಳ ಬಳಿಕ ಯಾರಿಗೂ ನೆನಪಿರುವುದಿಲ್ಲ. ಒಂದೊಂದು ಜೋಡಣೆಯ ಬೋಲ್ಟುಗಳನ್ನು ಒಂದೊಂದು ಡಬ್ಬಿಗೆ ಹಾಕಿ ಹೆಸರು ಬರೆದಿಡಿ. ಯಾವ ಹಳೆಯ ಭಾಗವನ್ನೂ, ಎಷ್ಟೇ ಕೆಟ್ಟಿದ್ದರೂ, ಅದರ ಬದಲಿ ಕೂತು ಕೆಲಸ ಮಾಡುವವರೆಗೆ ಗುಜರಿಗೆ ಹಾಕಬಾರದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಮೈಸೂರಿನ ಹಳೆಯ ಅಂಗಡಿಗಳಲ್ಲಾಗಲಿ ಇಂದು ಸಿಗುವ ನಕಲು ಭಾಗಗಳಲ್ಲಿ ಗುಣಮಟ್ಟ ಒಂದೇ ತೆರನಾಗಿಲ್ಲ. ಸವೆದಿದ್ದರೂ ಸರಿಪಡಿಸಬಹುದಾದ, ಮೈಸೂರು ಕಾರ್ಖಾನೆಯ ಮೂಲ ಗೇರು, ಹಬ್ಬು, ಲಿವರುಗಳು ಹೊಸ ನಕಲಿಗಿಂತ ಎಷ್ಟೋ ಮೇಲು.

ಇಂಪ್ಯಾಕ್ಟ್ ಡ್ರೈವರ್, ಕ್ಲಚ್ ಬಿಚ್ಚುವ ಸಾಧನ, ಡೈನಮೊದ ಆರ್ಮೇಚರ್ ಹೊರತೆಗೆಯುವ ಉದ್ದ ಬೋಲ್ಟು, ಫೀಲರ್ ಗೇಜ್, ಮಲ್ಟಿಮೀಟರ್ ಇಷ್ಟು ಸಾಮಾನ್ಯ ಸ್ಪ್ಯಾನರ್ ಸೆಟ್ಟಿನ ಜೊತೆಗೆ ಬೇಕು. ಕ್ರ್ಯಾಂಕ್‌ಕೇಸಿನ ಎರಡು ಹೋಳುಗಳ ನಡುವೆ ಸ್ಕ್ರೂಡ್ರೈವರ್ ತೂರಿಸಿ ಮೀಟುವುದು ಮಾತ್ರ ಬೇಡ. ಅಲ್ಯೂಮಿನಿಯಂ ಮೇಲೆ ಬಿದ್ದ ಒಂದು ಗೀರು ಶಾಶ್ವತ ಸೋರಿಕೆಗೆ ದಾರಿ.

ಎಂಜಿನ್: ಗಾಳಿಬಿಗಿಯೇ ಪ್ರಾಣ

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಕೇಸ್ ಬರಿಯ ಪೆಟ್ಟಿಗೆಯಲ್ಲ, ಅದೇ ಪಂಪು. ಪಿಸ್ಟನ್ ಮೇಲೇರಿದಾಗ ಪೆಟ್ರೋಲು–ಗಾಳಿಯ ಮಿಶ್ರಣವನ್ನು ಒಳಕ್ಕೆ ಎಳೆದುಕೊಂಡು, ಇಳಿದಾಗ ಒತ್ತಿ ಸಿಲಿಂಡರಿಗೆ ಕಳಿಸುವುದು ಇದರ ಕೆಲಸ. ಈ ಪಂಪಿನ ಎರಡು ಬದಿಯಲ್ಲಿ ಕ್ರ್ಯಾಂಕ್‌ಶಾಫ್ಟ್ ಹೊರಬರುವ ಕಡೆ ಒಂದೊಂದು ಆಯಿಲ್ ಸೀಲ್ ಇದ್ದು, ವರ್ಷಗಟ್ಟಲೆ ನಿಂತ ಬೈಕಿನಲ್ಲಿ ಆ ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಎಡಗಡೆಯ ಸೀಲ್ ಹೋಗಿದ್ದರೆ ಪ್ರೈಮರಿ ಚೈನ್ ಇರುವ ಕೋಣೆಯಿಂದ ಗೇರ್ ಆಯಿಲ್ ಒಳಸೇರಿ, ಸೊಳ್ಳೆ ಹೊಡೆಯುವ ಯಂತ್ರದಂತೆ ಬಿಳಿ ಹೊಗೆ ಬರುತ್ತದೆ, ಪ್ಲಗ್ ಮತ್ತೆ ಮತ್ತೆ ಒದ್ದೆಯಾಗುತ್ತದೆ. ಬಲಗಡೆ ಡೈನಮೊ ಬದಿಯ ಸೀಲ್ ಹೋಗಿದ್ದರೆ ಅಲ್ಲಿಂದ ಗಾಳಿ ಸೇರಿ ಮಿಶ್ರಣ ತೆಳುವಾಗುತ್ತದೆ. ಎಂಜಿನ್ ತಾನಾಗಿಯೇ ಜೋರಾಗಿ ತಿರುಗುತ್ತದೆ, ಕಾದು ಕೊನೆಗೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಕಾರ್ಬೊರೇಟರನ್ನು ಹತ್ತು ಬಾರಿ ಟ್ಯೂನ್ ಮಾಡಿದರೂ ಗುಣವಾಗದ ಎಷ್ಟೋ ಕಾಯಿಲೆಗಳ ಮೂಲ ಈ ಎರಡು ರಬ್ಬರು ಬಳೆಗಳಲ್ಲಿರುತ್ತದೆ. ಆದ್ದರಿಂದ ಎಂಜಿನ್ ಬಿಚ್ಚಿದ ಮೇಲೆ ಸೀಲ್‌ಗಳ ಸ್ಥಿತಿ ಹೇಗೇ ಇರಲಿ, ಬದಲಾಯಿಸಲೇಬೇಕು. ಜೊತೆಗೆ ಬೇರಿಂಗುಗಳನ್ನೂ ಹೆಸರಾಂತ ತಯಾರಕರವನ್ನೇ ಕೊಂಡು ಹಾಕಬೇಕು.

ಬೇರಿಂಗ್ ತೆಗೆಯಲು ಮತ್ತು ಕೂರಿಸಲು ಕ್ರ್ಯಾಂಕ್‌ಕೇಸನ್ನು ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗೆ ಸಮವಾಗಿ ಬಿಸಿ ಮಾಡಬೇಕು. ಒಂದು ಹನಿ ನೀರು ಚಿಮುಕಿಸಿದರೆ ಚುರ್ ಎಂದು ಆವಿಯಾದರೆ ಸಾಕು. ಅಷ್ಟು ಬಿಸಿಗೆ ಅಲ್ಯೂಮಿನಿಯಂ ಹಿಗ್ಗಿ ಬೇರಿಂಗ್ ಹೆಚ್ಚು ಬಲವಿಲ್ಲದೆ ಕಳಚಿಕೊಳ್ಳುತ್ತದೆ.

ಕನೆಕ್ಟಿಂಗ್ ರಾಡನ್ನು ಹಿಡಿದು ನೇರವಾಗಿ ಮೇಲಕ್ಕೂ ಕೆಳಕ್ಕೂ ಎಳೆದು ನೋಡಿ. ಅಕ್ಕಪಕ್ಕಕ್ಕೆ ತುಸು ಆಟ ಇರುವುದು ಸಹಜ, ಮೇಲೆ ಕೆಳಗೆ ಆಟ ಇರಲೇಬಾರದು. ಇದ್ದರೆ ಕ್ರ್ಯಾಂಕ್ ಪಿನ್ ಮತ್ತು ರಾಡ್ ಕಿಟ್ ಬದಲಾಗಬೇಕು. ಪ್ರೆಸ್ಸಿನಲ್ಲಿ ಬಿಚ್ಚಿ ಜೋಡಿಸಿ ಡಯಲ್ ಗೇಜಿನಲ್ಲಿ ನೇರ ಮಾಡುವ ಈ ಕೆಲಸ ಮನೆಯದಲ್ಲ, ಅನುಭವಿ ಲೇತ್ ಕಾರ್ಯಾಗಾರದ್ದು. ಸಿಲಿಂಡರ್ ಬೋರಿಂಗೂ ಹಾಗೆಯೇ. ಮೂಲ ಬೋರು 65 ಮಿಲಿಮೀಟರ್, ಸ್ಟ್ರೋಕ್ 75. ಸವೆತ ಅಳೆದ ಮೇಲೆ ಮುಂದಿನ ಓವರ್‌ಸೈಜ್ ಪಿಸ್ಟನ್ನನ್ನು ಮೊದಲು ಕೊಂಡು, ಆ ಪಿಸ್ಟನ್ನನ್ನೇ ಅಳತೆಗೆ ಕೊಟ್ಟು ಬೋರ್ ಮಾಡಿಸಬೇಕು. ಬೋರ್ ಆಗಿ ಬಂದ ಸಿಲಿಂಡರಿನಲ್ಲಿ ಪೋರ್ಟುಗಳ (ಮಿಶ್ರಣ ಮತ್ತು ಹೊಗೆ ಹಾದುಹೋಗುವ ಕಂಡಿಗಳ) ಅಂಚಿಗೆ ಬೆರಳಾಡಿಸಿ ನೋಡಿ. ಅಂಚು ಬ್ಲೇಡಿನಂತೆ ಚೂಪಾಗಿದ್ದರೆ ರಿಂಗು ಅದಕ್ಕೆ ಸಿಕ್ಕಿ ಮುರಿಯುತ್ತದೆ; ಸಣ್ಣ ಅರದಿಂದಲೋ ನುಣುಪು ಕಲ್ಲಿನಿಂದಲೋ ಸುತ್ತಲೂ ಅಂಚು ಮುರಿಸಬೇಕು. ಕಾರ್ಯಾಗಾರದವರು ಇದನ್ನು ಮಾಡಿಯೇ ಕೊಟ್ಟಿರುತ್ತಾರೆ ಎಂದು ನಂಬುವಂತಿಲ್ಲ. ಪಿಸ್ಟನ್ನಿನ ತಲೆಯ ಮೇಲಿನ ಬಾಣ ಎಕ್ಸಾಸ್ಟ್ ಕಡೆಗಿರಲಿ, ರಿಂಗುಗಳ ಬಾಯಿ ಪಿಸ್ಟನ್ನಿನ ತೋಡಿನಲ್ಲಿರುವ ಪಿನ್ನಿಗೇ ಕೂರಲಿ.

ಎಂಜಿನ್ ಜೋಡಿಸಿದ ಮೇಲೆ, ಫ್ರೇಮಿಗೆ ಕೂರಿಸುವ ಮೊದಲು, ಸೋರಿಕೆ ಪರೀಕ್ಷೆ ಮಾಡಲೇಬೇಕು. ಇದಕ್ಕೆ ದುಬಾರಿ ಸಾಧನ ಬೇಕಿಲ್ಲ, ರಕ್ತದೊತ್ತಡ ನೋಡುವ ಹಳೆಯ ಬಿಪಿ ಯಂತ್ರದ ರಬ್ಬರು ಬಲ್ಬು ಮತ್ತು ಮೀಟರ್ ಸಾಕು. ಎರಡು ಎಕ್ಸಾಸ್ಟ್ ಬಾಯಿಗಳನ್ನು ದಪ್ಪ ರಬ್ಬರು ಮತ್ತು ತಗಡಿನ ಬಿಲ್ಲೆಯಿಂದ ಮುಚ್ಚಿ. ಕಾರ್ಬೊರೇಟರ್ ಕೂರುವ ಜಾಗಕ್ಕೆ ಸಣ್ಣ ನಳಿಗೆಯಿರುವ ಬಿಲ್ಲೆಯೊಂದನ್ನು ಬಿಗಿದು ಬಲ್ಬಿನ ಕೊಳವೆಯನ್ನು ಅದಕ್ಕೆ ಜೋಡಿಸಿ, ಪ್ಲಗ್ ಬಿಗಿ ಮಾಡಿ. ಪಿಸ್ಟನ್ ಮೇಲಿರುವಾಗಲೇ ಗಾಳಿ ತುಂಬಬೇಕು, ಏಕೆಂದರೆ ಆಗ ಮಾತ್ರ ಇನ್‌ಲೆಟ್ ದ್ವಾರ ಕ್ರ್ಯಾಂಕ್‌ಕೇಸಿಗೆ ತೆರೆದುಕೊಂಡಿರುತ್ತದೆ. ಮೀಟರಿನ ಮುಳ್ಳು 300ರ ಹತ್ತಿರ ಬಂದಾಗ ನಿಲ್ಲಿಸಿ. ಅದು ಸುಮಾರು 6 ಪಿಎಸ್‌ಐ ಒತ್ತಡ, ಅದಕ್ಕಿಂತ ಹೆಚ್ಚು ಬೇಡ. ಮುಳ್ಳು ಒಂದು ನಿಮಿಷದಲ್ಲಿ 50ಕ್ಕಿಂತ ಹೆಚ್ಚು ಇಳಿದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಸಿಲಿಂಡರಿನ ಬುಡ, ಹೆಡ್, ಕ್ರ್ಯಾಂಕ್‌ಕೇಸಿನ ಸಂದು, ಬಲಗಡೆಯ ಸೀಲ್ ಇಲ್ಲೆಲ್ಲ ಸಾಬೂನು ನೀರು ಹಚ್ಚಿದರೆ ಗುಳ್ಳೆ ಏಳುವ ಜಾಗ ಸಿಗುತ್ತದೆ. ಎಡಗಡೆಯ ಸೀಲ್ ಒಳಗಿರುವುದರಿಂದ ನೇರವಾಗಿ ಕಾಣಿಸದು. ಗೇರ್ ಆಯಿಲ್ ಹಾಕುವ ಬಾಯಿಗೆ ಸಾಬೂನಿನ ಪೊರೆ ಎಳೆದರೆ, ಅದು ಬಲೂನಿನಂತೆ ಉಬ್ಬಿದಾಗ ಗಾಳಿ ಅತ್ತ ಹೋಗುತ್ತಿರುವುದು ಗೊತ್ತಾಗುತ್ತದೆ. ಇಡೀ ಪುನಶ್ಚೇತನದಲ್ಲಿ ಒಂದೇ ಒಂದು ಪರೀಕ್ಷೆಗೆ ಸಮಯವಿದೆ ಎಂದಾದರೆ ಅದು ಇದೇ ಆಗಿರಬೇಕು.

ಸೈಲೆನ್ಸರುಗಳಲ್ಲಿ ಕಟ್ಟಿಕೊಂಡ ಮಸಿಯನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನೆನೆಸಿ ತೆಗೆಯಬಹುದು. ಕೈಗವಸು, ಕನ್ನಡಕ ಕಡ್ಡಾಯ, ದ್ರಾವಣ ಅಲ್ಯೂಮಿನಿಯಂ ಭಾಗಗಳಿಗೆ ತಾಗಬಾರದು. ಸದ್ದು ಚೆನ್ನಾಗಿರುತ್ತದೆಂದು ಒಳಗಿನ ಬ್ಯಾಫಲ್ (ಸದ್ದು ತಗ್ಗಿಸುವ ಭಾಗ) ಕಿತ್ತೆಸೆಯುವವರಿದ್ದಾರೆ. ಸದ್ದೇನೋ ಬರುತ್ತದೆ, ಎಳೆತ ಹೋಗುತ್ತದೆ.

ಟ್ಯಾಂಕು ಮತ್ತು ಇಂದಿನ ಪೆಟ್ರೋಲು

ಟ್ಯಾಂಕಿನ ಒಳಗಿನ ತುಕ್ಕಿಗೆ ಮೊದಲು ಹಳೆಯ ನಟ್ಟುಗಳನ್ನೋ ಚೂಪು ಜಲ್ಲಿಯನ್ನೋ ಹಾಕಿ ಕುಲುಕಿ, ಬಳಿಕ ಲೀಟರ್ ನೀರಿಗೆ 50ರಿಂದ 100 ಗ್ರಾಂ ಸಿಟ್ರಿಕ್ ಆ್ಯಸಿಡ್ ಕರಗಿಸಿ ಪೂರ್ತಿ ತುಂಬಿ ಒಂದು ರಾತ್ರಿ ಬಿಡಬೇಕು. ಕಂಠಪೂರ್ತಿ ತುಂಬದಿದ್ದರೆ ನೀರಿನ ಮಟ್ಟದ ಮೇಲಿನ ಭಾಗ ತುಕ್ಕಾಗಿಯೇ ಉಳಿಯುತ್ತದೆ. ಹೊರಚೆಲ್ಲಿದ ಕೂಡಲೇ ಅಡುಗೆ ಸೋಡಾದ ನೀರಿನಿಂದ ತೊಳೆದು, ಬಿಸಿಗಾಳಿಯಿಂದ ಒಣಗಿಸಿ, ಸ್ವಲ್ಪ ಟೂಟಿ ಆಯಿಲ್ ಹಾಕಿ ಒಳಗೆಲ್ಲ ಹರಡುವಂತೆ ತಿರುಗಿಸಿ. ತಡಮಾಡಿದರೆ ಕಣ್ಣೆದುರೇ ಹೊಸ ತುಕ್ಕು ಹತ್ತುತ್ತದೆ. ತೂತಿರುವ ಟ್ಯಾಂಕಿಗೆ ಬೆಸುಗೆ ಹಾಕಿಸುವುದಿದ್ದರೆ ಖಾಲಿ ಟ್ಯಾಂಕು ಸುರಕ್ಷಿತ ಎಂದು ಯಾರೂ ಭಾವಿಸಬಾರದು: ವರ್ಷಗಳಿಂದ ಒಣಗಿದ ಟ್ಯಾಂಕಿನ ಸಂದುಗಳಲ್ಲೂ ಪೆಟ್ರೋಲಿನ ಆವಿ ಉಳಿದು ಸ್ಫೋಟಿಸಬಲ್ಲದು. ಈ ಕೆಲಸ ತಿಳಿದವರಿಗೇ ಬಿಡಿ.

ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಈ ಬೈಕುಗಳು ತಯಾರಾದ ಕಾಲದಲ್ಲಿ ಇದು ಯಾರ ಲೆಕ್ಕದಲ್ಲೂ ಇರಲಿಲ್ಲ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಕೆಲವು ಟ್ಯಾಂಕ್ ಲೇಪನಗಳನ್ನು ಸಿಪ್ಪೆಯೆಬ್ಬಿಸುತ್ತದೆ. ಆದ್ದರಿಂದ ಪೆಟ್ರೋಲ್ ಪೈಪು, ಕಾಕ್‌ನ ವಾಷರ್, ಕಾರ್ಬೊರೇಟರಿನ ಸೀಲ್‌ಗಳೆಲ್ಲ ಎಥನಾಲ್ ತಡೆಯುವ ಬಗೆಯವೇ ಆಗಿರಬೇಕು. ಬೈಕನ್ನು ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಕಾಕ್ ಮುಚ್ಚಿ ಕಾರ್ಬೊರೇಟರಿನ ಬಟ್ಟಲನ್ನು ಖಾಲಿ ಮಾಡಿ. ಕಾರ್ಬೊರೇಟರಿನ ಜೆಟ್ಟುಗಳನ್ನು ತಂತಿಯಿಂದ ಚುಚ್ಚದೆ ಗಾಳಿಯಿಂದ ಊದಿಯೇ ಸ್ವಚ್ಛ ಮಾಡಬೇಕು.

ಕಿಡಿ ಮತ್ತು ವೈರಿಂಗು

ಹಳೆಯ ಮಾದರಿಗಳಲ್ಲಿರುವುದು 6 ವೋಲ್ಟಿನ ಡೈನಮೊ. ಅದೇ ವ್ಯಾಟಿಗೆ 12 ವೋಲ್ಟಿನ ಎರಡರಷ್ಟು ಕರೆಂಟು ಇಲ್ಲಿ ಹರಿಯುತ್ತದೆ. 35 ವ್ಯಾಟಿನ ಹೆಡ್‌ಲೈಟ್ ಒಂದೇ ಸುಮಾರು 6 ಆಂಪಿಯರ್ ಎಳೆಯುತ್ತದೆ. ಹಾಗಾಗಿ ಇಂದಿನ ಬೈಕುಗಳ ತೆಳು ವೈರು ಹಾಕಿದರೆ ದೀಪ ಮಿಣುಕುವುದೇ ಸರಿ. ದಪ್ಪ ತಾಮ್ರದ ವೈರು, ಬಣ್ಣ ಕೆರೆದು ಲೋಹಕ್ಕೆ ಬಿಗಿದ ಅರ್ತ್ ಇವೆರಡು ಸರಿಯಾದರೆ 6 ವೋಲ್ಟಿನ ಮೇಲಿನ ಅರ್ಧದಷ್ಟು ದೂರುಗಳು ಮಾಯವಾಗುತ್ತವೆ. ಡೈನಮೊದಲ್ಲಿ ಕಾರ್ಬನ್ ಬ್ರಶ್ಶು ಸವೆದಿದ್ದರೆ ಬದಲಿಸಿ, ಕಮ್ಯುಟೇಟರನ್ನು ನುಣುಪು ಮರಳುಕಾಗದದಿಂದ ಉಜ್ಜಿ, ತಾಮ್ರದ ಪಟ್ಟಿಗಳ ನಡುವಿನ ತೋಡುಗಳಲ್ಲಿ ಕೂತ ಕಾರ್ಬನ್ ಪುಡಿ ತೆಗೆಯಿರಿ. ಸಿಬಿ ಪಾಯಿಂಟಿನ (ಕಿಡಿಗಾಗಿ ಕರೆಂಟು ಕಡಿಯುವ ಕಾಂಟ್ಯಾಕ್ಟ್ ಬ್ರೇಕರಿನ) ಅಂತರ 0.4 ಮಿಲಿಮೀಟರಿಗೆ ಹೊಂದಿಸಿದ ಮೇಲೆಯೇ ಇಗ್ನಿಷನ್ ಟೈಮಿಂಗ್ ನೋಡಬೇಕು, ಏಕೆಂದರೆ ಅಂತರ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಟೈಮಿಂಗ್ ಎಷ್ಟಿರಬೇಕೆಂಬುದು ಮಾದರಿಗೊಂದರಂತೆ ಬೇರೆ. ಪ್ಲಗ್ ರಂಧ್ರದಲ್ಲಿ ಡಯಲ್ ಗೇಜ್ ಇಟ್ಟು ಕೈಪಿಡಿಯ ಅಳತೆಗೆ ತರಬೇಕೇ ಹೊರತು ಕಿವಿಯ ಅಂದಾಜಿಗಲ್ಲ.

12 ವೋಲ್ಟಿಗೆ ಬದಲಾಯಿಸುವ ಎಲೆಕ್ಟ್ರಾನಿಕ್ ಕಿಟ್‌ಗಳು ಸಿಗುತ್ತವೆ. ರಾತ್ರಿ ಓಡಿಸುವವರಿಗೆ ಅದು ಅಗತ್ಯವೇ ಇರಬಹುದು. ಬೆಳಗಿನ ಹೊತ್ತು ಮಾತ್ರ ಸುತ್ತಾಡುವವರು ಮೂಲ ಡೈನಮೊವನ್ನು ಸರಿಪಡಿಸಿಕೊಂಡರೆ ಸಾಕು. ಬದಲಾಯಿಸಿದರೂ ತೆಗೆದ ಭಾಗಗಳನ್ನು ಜೋಪಾನವಾಗಿಡಿ.

ಗಾಲಿ, ಬ್ರೇಕು, ಕೊನೆಗೆ ಬಣ್ಣ

ಟಯರಿನಲ್ಲಿ ಎಷ್ಟೇ ಹಲ್ಲಿದ್ದರೂ ಹಳೆಯದಾದರೆ ಬೇಡ. ಪಕ್ಕದಲ್ಲಿರುವ ನಾಲ್ಕಂಕೆಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ನಾಲ್ಕಂಕೆಯೇ ಇಲ್ಲದಿದ್ದರೆ ಅದು 2000ಕ್ಕೂ ಹಿಂದಿನದು. ಹಳೆಯ ಬ್ರೇಕ್ ಲೈನರುಗಳಲ್ಲಿ ಕಲ್ನಾರು ಇರುವ ಸಾಧ್ಯತೆಯಿರುವುದರಿಂದ ಡ್ರಮ್ಮಿನ ಧೂಳನ್ನು ಊದದೆ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ಹ್ಯಾಂಡಲಿನ ಗುಂಡುಗಳು, ಹಿಂದಿನ ಫೋರ್ಕಿನ ಬುಷ್, ಹಬ್ಬಿನ ಕುಷನ್ ರಬ್ಬರು ಇವುಗಳನ್ನು ಎಣಿಸದೆ ಬದಲಾಯಿಸಬಹುದು, ಅಷ್ಟೇನೂ ದುಬಾರಿಯಲ್ಲ.

ಬಣ್ಣದ ಮುನ್ನ ಇಡೀ ಬೈಕನ್ನು ಬಣ್ಣವಿಲ್ಲದೆ ಒಮ್ಮೆ ಪೂರ್ತಿ ಜೋಡಿಸಿ, ಸ್ಟಾರ್ಟ್ ಮಾಡಿ, ಅಂಗಳದಲ್ಲಿ ಓಡಿಸಿ ನೋಡಬೇಕು. ಮಡ್‌ಗಾರ್ಡಿನ ತೂತು ಹೊಂದದಿರುವುದು, ಚೈನ್ ಕೇಸ್ ಉಜ್ಜುವುದು ಎಲ್ಲ ಆಗ ಗೊತ್ತಾಗಬೇಕೇ ಹೊರತು ಹೊಸ ಬಣ್ಣದ ಮೇಲಲ್ಲ. ಮೂಲ ಬಣ್ಣ ಹೆಚ್ಚಿನಂಶ ಉಳಿದಿದ್ದರೆ ಅದನ್ನು ತೊಳೆದು, ವ್ಯಾಕ್ಸ್ ಹಾಕಿ ಹಾಗೆಯೇ ಬಿಡುವುದು ನನ್ನ ಸಲಹೆ. ಕಾರ್ಖಾನೆಯ ಮರೂನ್ ಬಣ್ಣ, ಅದರ ಮೇಲೆ ಕೈಯಿಂದ ಎಳೆದ ಗೆರೆ ಒಮ್ಮೆ ಕೆರೆದು ಹೋದರೆ ಮರಳಿ ಬಾರದು. ಮರಳು ಬ್ಲಾಸ್ಟಿಂಗಿಗೆ ಕೊಡುವುದೇ ಆದರೆ ಚಾಸಿ ಸಂಖ್ಯೆಯ ಮೇಲೆ ದಪ್ಪ ಟೇಪು ಸುತ್ತಿ, ಬೇರಿಂಗ್ ಕೂರುವ ಜಾಗಗಳನ್ನು ಮುಚ್ಚಿ ಕಳಿಸಬೇಕು.

ಮೊದಲ ಸ್ಟಾರ್ಟ್ ಮತ್ತು ಹದಗೊಳಿಸುವಿಕೆ

ಗೇರ್ ಬಾಕ್ಸಿಗೆ ಕೈಪಿಡಿ ಹೇಳುವ ದರ್ಜೆಯ ಎಣ್ಣೆಯನ್ನು ಮಟ್ಟ ತೋರಿಸುವ ಬೋಲ್ಟಿನವರೆಗೆ ತುಂಬಿ. ಪೆಟ್ರೋಲಿಗೆ ಲೀಟರಿಗೆ 40 ಮಿಲಿಲೀಟರ್ ಒಳ್ಳೆಯ ಟೂಟಿ ಆಯಿಲ್ ಬೆರೆಸಿ. ಬೇರೆ ಡಬ್ಬಿಯಲ್ಲಿ ಕುಲುಕಿ ಆಮೇಲೆ ಟ್ಯಾಂಕಿಗೆ ಸುರಿಯುವುದು ಕ್ಷೇಮ. ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುವುದು ಈ ಬೈಕುಗಳ ಹೆಗ್ಗುರುತು. ಅದರ ಹಲ್ಲು ಸವೆದಿದ್ದರೆ ಕಾಲು ಜಾರಿ ಮೊಳಕಾಲಿಗೆ ಪೆಟ್ಟು ಬೀಳುವುದರಿಂದ ಮೊದಲೇ ಗಮನಿಸಿರಿ. ಗೇರ್ ಲಿವರ್ ಒತ್ತಿದಾಗ ಕ್ಲಚ್ ತಾನಾಗಿ ಬಿಡುವ ವ್ಯವಸ್ಥೆಯೂ ಇದೇ ಎಂಜಿನ್ನಿನಲ್ಲಿದೆ. ಹ್ಯಾಂಡಲಿನ ಕ್ಲಚ್ ಲಿವರಿನಲ್ಲಿ ಸ್ವಲ್ಪ ಸಡಿಲ ಬಿಡದೆ ಕೇಬಲ್ ಬಿಗಿದರೆ ಕ್ಲಚ್ ಸದಾ ಅರ್ಧ ಬಿಟ್ಟಂತಿದ್ದು ಪ್ಲೇಟು ಸುಟ್ಟುಹೋಗುತ್ತದೆ.

ಮೊದಲ ಹತ್ತು ನಿಮಿಷ ಹೊಗೆ ದಟ್ಟವಾಗಿ ಬಂದರೆ ಗಾಬರಿ ಬೇಡ, ಜೋಡಿಸುವಾಗ ಹಚ್ಚಿದ ಎಣ್ಣೆ ಉರಿಯುತ್ತಿರುತ್ತದೆ. ಅರ್ಧ ಗಂಟೆ ಓಡಿಸಿದ ಮೇಲೂ ಕಡಿಮೆಯಾಗದಿದ್ದರೆ ಎಡಗಡೆಯ ಸೀಲನ್ನು ಮತ್ತೆ ನೋಡಬೇಕು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಹೆಡ್ಡಿನ ನಟ್ಟುಗಳನ್ನು ಎದುರುಬದುರಾಗಿ ಇನ್ನೊಮ್ಮೆ ಬಿಗಿ ನೋಡಿ. ಮೊದಲ 500 ಕಿಲೋಮೀಟರ್ ಗಂಟೆಗೆ 50ರ ಒಳಗೆ, ಒಬ್ಬರೇ ಕೂತು, ಒಂದೇ ವೇಗದಲ್ಲಿ ಎಳೆಯದೆ ಏರಿಳಿಸುತ್ತ ಓಡಿಸಬೇಕು. ಪ್ಲಗ್ ತೆಗೆದು ನೋಡಿದಾಗ ಒಳಗಿನ ಪಿಂಗಾಣಿ ಕಾಫಿಪುಡಿಯ ಬಣ್ಣಕ್ಕಿದ್ದರೆ ಮಿಶ್ರಣ ಸರಿಯಿದೆ, ಬಿಳಿಚಿಕೊಂಡಿದ್ದರೆ ಗಾಳಿ ಹೆಚ್ಚು. ಆಗ ಕಾರ್ಬೊರೇಟರಿಗೆ ಕೈ ಹಾಕುವ ಮುನ್ನ ಬಿಪಿ ಬಲ್ಬನ್ನು ಮತ್ತೆ ಹೊರತೆಗೆಯಿರಿ. ಓಡುತ್ತಿರುವಾಗ ಎಳೆತ ಇದ್ದಕ್ಕಿದ್ದಂತೆ ಕುಗ್ಗಿದರೆ ಆ್ಯಕ್ಸಿಲರೇಟರ್ ಬಿಟ್ಟು ಕ್ಲಚ್ ಹಿಡಿಯಿರಿ. ಅದು ಪಿಸ್ಟನ್ ಹಿಡಿಯುವ ಮುನ್ಸೂಚನೆ.

ಘಾಟಿ ಇಳಿಯುವವರಿಗೆ ಇನ್ನೊಂದು ಮಾತು. ಈ ಎಂಜಿನ್ನಿಗೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆಗೇ. ಆಗುಂಬೆ, ಚಾರ್ಮಾಡಿಯಂಥ ಇಳಿಜಾರಿನಲ್ಲಿ ಆ್ಯಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಜಾರಿದರೆ, ಎಂಜಿನ್ ಜೋರಾಗಿ ತಿರುಗುತ್ತಿದ್ದರೂ ಪಿಸ್ಟನ್ನಿಗೆ ಎಣ್ಣೆಯ ಪಸೆ ಸಿಗುವುದಿಲ್ಲ. ಎರಡು ಮೂರು ತಿರುವಿಗೊಮ್ಮೆ ಕ್ಲಚ್ ಹಿಡಿದು ಆ್ಯಕ್ಸಿಲರೇಟರನ್ನು ಒಮ್ಮೆ ತಿರುಗಿಸಿ ಬಿಡಬೇಕು. ಹೊಸ ಬೋರಿನ ಎಂಜಿನ್ ಹದವಾಗುವವರೆಗೆ ಘಾಟಿಯ ಕಡೆ ಹೋಗದಿರುವುದು ಇನ್ನೂ ಒಳ್ಳೆಯದು.